ಗಂಟೆ ಹೇಳುವ ದಿಕ್ಕು

ಬಾಹ್ಯಾಕಾಶದ ದೂರದರ್ಶಕದಿಂದ ಜೇಬಿನ ಮೊಬೈಲ್‌ವರೆಗೆ ದಿಕ್ಕು ಹೇಳುವ ಕೆಲಸ ಈಗ ಕಂಪಿಸುವ ಗೈರೊಸ್ಕೋಪುಗಳದು. ಅದರಲ್ಲಿ ಅರ್ಧ ಗಾಜು, ಸಿಲಿಕಾನ್‌ಗಳ ಪಾಲು. ಉಳಿದರ್ಧ, ಬಿಡುವಿಲ್ಲದೆ ನಡೆಯುವ ಲೆಕ್ಕದ ಪಾಲು.

2024ರ ಜೂನ್ ತಿಂಗಳಲ್ಲಿ ನಾಸಾ ಒಂದು ನಿರ್ಧಾರ ಪ್ರಕಟಿಸಿತು. ಹಬಲ್ ದೂರದರ್ಶಕ ಇನ್ನು ಮುಂದೆ ಒಂದೇ ಗೈರೊಸ್ಕೋಪನ್ನು ನೆಚ್ಚಿಕೊಂಡು ಕೆಲಸ ಮಾಡುತ್ತದೆ ಎಂದು. 2009ರಲ್ಲಿ ಗಗನಯಾತ್ರಿಗಳು ಖುದ್ದಾಗಿ ಹೋಗಿ ಆರು ಹೊಸ ಗೈರೊಗಳನ್ನು ಜೋಡಿಸಿ ಬಂದಿದ್ದರು. ಹದಿನೈದು ವರ್ಷಗಳಲ್ಲಿ ಅವುಗಳಲ್ಲಿ ಹಲವು ಕೈಕೊಟ್ಟವು. ಹಬಲ್‌ನ ಗೈರೊದೊಳಗೆ ನಿಮಿಷಕ್ಕೆ 19,200 ಸುತ್ತು ತಿರುಗುವ ಚಕ್ರವಿದೆ. ಆ ಚಕ್ರವನ್ನು ಹೊತ್ತ ಕೊಳವೆ ಮಂದ ದ್ರವದಲ್ಲಿ ತೇಲುತ್ತದೆ. ಅದಕ್ಕೆ ವಿದ್ಯುತ್ ಒಯ್ಯುವ ತಂತಿಗಳು ಕೂದಲೆಳೆಯಷ್ಟು ತೆಳ್ಳಗಿವೆ. ದ್ರವ ವರ್ಷಗಟ್ಟಲೆ ಆ ತಂತಿಗಳನ್ನು ತಿನ್ನುತ್ತದೆ, ಒಂದು ದಿನ ತಂತಿ ತುಂಡಾಗುತ್ತದೆ.

2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕಕ್ಕೆ ಹಾಗೆ ಹೊಸ ಗೈರೊ ಪಡೆಯುವ ಭಾಗ್ಯವೂ ಇಲ್ಲ. ಅದು ಇರುವುದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ. ರಿಪೇರಿಗೆ ಯಾರೂ ಹೋಗಲಾರರು. ಹಾಗಾಗಿ ಅದರ ಗೈರೊಗಳಲ್ಲಿ ಚಕ್ರವೇ ಇಲ್ಲ. ಬೇರಿಂಗ್ ಇಲ್ಲ, ಎಣ್ಣೆ ಇಲ್ಲ, ಸವೆಯುವಂಥದ್ದು ಯಾವುದೂ ಇಲ್ಲ. ಇರುವುದು ನಿರ್ವಾತದಲ್ಲಿ ಸದ್ದಿಲ್ಲದೆ ಕಂಪಿಸುವ, ಶುದ್ಧ ಸ್ಫಟಿಕ ಗಾಜಿನ ಒಂದು ಪುಟ್ಟ ಅರ್ಧಗೋಳ. ಅದರ ಸುತ್ತ ಆ ಕಂಪನವನ್ನು ಓದುವ, ತಿದ್ದುವ, ಕಾಪಾಡುವ ಎಲೆಕ್ಟ್ರಾನಿಕ್ಸ್.

ಗಾಜನ್ನು ಎಷ್ಟೇ ನಯವಾಗಿ ಕಡೆದರೂ ಅದರಲ್ಲಿ ಎಲ್ಲೋ ಒಂದು ಕೊರತೆ ಉಳಿದೇ ಉಳಿಯುತ್ತದೆ. ಕಂಪಿಸುವ ಗೈರೊದ ಚರಿತ್ರೆಯೆಂದರೆ ಆ ಕೊರತೆಯನ್ನು ಪೂರ್ತಿ ಅಳಿಸುವ ಹಟ ಬಿಟ್ಟು, ಅದನ್ನು ಪ್ರತಿಕ್ಷಣ ಅಳೆಯುವುದನ್ನು ಕಲಿತ ಚರಿತ್ರೆ.

ಬ್ರಯಾನ್ ಕೇಳಿಸಿಕೊಂಡ ದನಿ

1851ರಲ್ಲಿ ಪ್ಯಾರಿಸ್ಸಿನ ಪ್ಯಾಂಥಿಯಾನ್ ಗುಮ್ಮಟದಡಿ 67 ಮೀಟರ್ ಉದ್ದದ ತಂತಿಗೆ 28 ಕಿಲೋ ಭಾರದ ಗುಂಡು ಕಟ್ಟಿ ತೂಗಿಬಿಟ್ಟ ಲಿಯೋನ್ ಫೂಕೊ, ಭೂಮಿ ತಿರುಗುತ್ತಿದೆ ಎಂಬುದನ್ನು ಜನರ ಕಣ್ಣಿಗೇ ತೋರಿಸಿದ. ಆ ಪ್ರಯೋಗದ ಬೀಜ ಮೊಳೆತದ್ದು ಲೇತ್ ಯಂತ್ರದ ಮುಂದೆ. ಯಂತ್ರಕ್ಕೆ ಕಚ್ಚಿಸಿದ ತೆಳು ಸರಳೊಂದು ಕಂಪಿಸುತ್ತಿದ್ದಾಗ ಯಂತ್ರವನ್ನು ತಿರುಗಿಸಿದರೂ ಸರಳಿನ ಕಂಪನ ತನ್ನ ದಿಕ್ಕನ್ನು ಬಿಡಲಿಲ್ಲ. ಕಂಪಿಸುವ ವಸ್ತುವಿಗೆ ದಿಕ್ಕಿನ ನೆನಪಿದೆ ಎಂಬ ಸತ್ಯ ಅಲ್ಲಿ ಕಂಡಿತ್ತು.

ನಾಲ್ಕು ದಶಕ ಕಳೆದು, 1890ರಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಜಿ. ಎಚ್. ಬ್ರಯಾನ್ ತಿರುಗುವ ಗಂಟೆಯ ನಾದದ ಬಗ್ಗೆ ಒಂದು ಪ್ರಬಂಧ ಬರೆದ. ಮೊಳಗುತ್ತಿರುವ ಗಂಟೆಯನ್ನೋ ಗಾಜಿನ ಲೋಟವನ್ನೋ ಅದರ ಅಕ್ಷದ ಸುತ್ತ ತಿರುಗಿಸಿದರೆ ದನಿ ಏರುತ್ತ ಇಳಿಯುತ್ತ ಅಲೆಯಲೆಯಾಗಿ ಕೇಳುತ್ತದೆ. ಕಾರಣ ಇದು: ಗಂಟೆಯ ಅಂಚು ಮೊಳಗುವಾಗ ವೃತ್ತವಾಗಿ ಉಳಿಯುವುದಿಲ್ಲ. ಒಮ್ಮೆ ಒಂದು ಕಡೆಗೆ ಅಂಡಾಕಾರ ತಾಳುತ್ತದೆ, ಮರುಕ್ಷಣ ಅದಕ್ಕೆ ಅಡ್ಡಲಾಗಿ. ಅಂಚಿನ ನಾಲ್ಕು ಜಾಗಗಳಲ್ಲಿ ಅಲುಗಾಟ ಅತಿ ಹೆಚ್ಚು, ಅವುಗಳ ನಡುವಿನ ನಾಲ್ಕು ಜಾಗಗಳಲ್ಲಿ ಅತಿ ಕಡಿಮೆ. ಗಂಟೆ ತಿರುಗಿದಾಗ ಈ ಕಂಪನದ ವಿನ್ಯಾಸ ಗಂಟೆಯ ಜೊತೆ ಪೂರ್ತಿ ತಿರುಗುವುದೂ ಇಲ್ಲ, ನಿಂತಲ್ಲೇ ನಿಲ್ಲುವುದೂ ಇಲ್ಲ. ಒಂದು ನಿಗದಿತ ಪಾಲಿನಷ್ಟು ಹಿಂದೆ ಬೀಳುತ್ತದೆ. ಅರ್ಧಗೋಳದ ಬಟ್ಟಲನ್ನು 90 ಡಿಗ್ರಿ ತಿರುಗಿಸಿದರೆ ವಿನ್ಯಾಸ ಸುಮಾರು 27 ಡಿಗ್ರಿ ಹಿಂದುಳಿಯುತ್ತದೆ.

ಇದನ್ನು ಆಗಿಸುವುದು ಕೊರಿಯೋಲಿಸ್ ಬಲ. ಫ್ರೆಂಚ್ ವಿಜ್ಞಾನಿ ಗಾಸ್ಪಾರ್ ಕೊರಿಯೋಲಿಸ್ 1835ರಲ್ಲಿ ವಿವರಿಸಿದ್ದು ಇದನ್ನೇ: ತಿರುಗುವ ನೆಲೆಯಲ್ಲಿ ಚಲಿಸುವ ಯಾವುದೇ ವಸ್ತುವಿಗೆ ಅದರ ಚಲನೆಗೆ ಅಡ್ಡಲಾಗಿ ಒಂದು ತಳ್ಳು ಬೀಳುತ್ತದೆ. ಬಟ್ಟಲಿನ ಅಂಚು ಒಳಹೊರಗೆ ಚಲಿಸುತ್ತಿರುವುದರಿಂದ ಆ ತಳ್ಳು ಅಂಚಿನುದ್ದಕ್ಕೂ ಬಿದ್ದು ವಿನ್ಯಾಸವನ್ನು ಜರುಗಿಸುತ್ತದೆ. 90ಕ್ಕೆ 27 ಎಂಬ ಪ್ರಮಾಣ ನಿಂತಿರುವುದು ಮುಖ್ಯವಾಗಿ ಬಟ್ಟಲಿನ ಆಕಾರದ ಮೇಲೆ. ಆಕಾರ ಮಾಸುವುದಿಲ್ಲ, ಸವೆಯುವುದಿಲ್ಲ. ಆದ್ದರಿಂದಲೇ ಅದು ದಶಕಗಳ ಕಾಲ ನಂಬಬಹುದಾದ ಅಳತೆಗೋಲು.

ಅಮೆರಿಕದ ಡೆಲ್ಕೊ ಸಂಸ್ಥೆಯ ಎಂಜಿನಿಯರುಗಳು 1960ರ ದಶಕದಿಂದ ಬ್ರಯಾನ್‌ನ ಗಂಟೆಯನ್ನು ಉಪಕರಣವಾಗಿ ಬೆಳೆಸಿದರು. ಅವರಲ್ಲಿ ಡೇವಿಡ್ ಲಿಂಚ್ ಹೆಸರು ಈ ಕ್ಷೇತ್ರದವರಿಗೆಲ್ಲ ಪರಿಚಿತ. 1996ರಲ್ಲಿ ಹಾರಿದ ನಿಯರ್ ನೌಕೆ ಈ ಗೈರೊಗಳನ್ನು ಹೊತ್ತು ಕ್ಷುದ್ರಗ್ರಹದತ್ತ ಹೋಯಿತು. 1997ರ ಅಕ್ಟೋಬರ್‌ನಲ್ಲಿ ಹೊರಟ ಕ್ಯಾಸಿನಿ ನೌಕೆ 2017ರ ಸೆಪ್ಟೆಂಬರ್‌ನಲ್ಲಿ ಶನಿಗ್ರಹದ ವಾತಾವರಣದೊಳಗೆ ಧುಮುಕಿ ಉರಿದುಹೋಗುವವರೆಗೂ ಅದಕ್ಕೆ ದಿಕ್ಕು ಹೇಳಿದ್ದು ಇಂಥವೇ ಗಾಜಿನ ಬಟ್ಟಲುಗಳು. ಫ್ರಾನ್ಸಿನ ಸಫ್ರಾನ್ ಕಂಪನಿ ಇದೇ ತತ್ವದ ಗೈರೊಗಳನ್ನು ತಯಾರಿಸುತ್ತದೆ. 2024ರ ಜುಲೈನಲ್ಲಿ ಮೊದಲ ಬಾರಿ ಹಾರಿದ ಏರಿಯಾನ್ 6 ರಾಕೆಟ್ಟಿನ ದಿಕ್ಕುಪತ್ತೆ ವ್ಯವಸ್ಥೆಯಲ್ಲಿ ಅವು ಇವೆ.

ನಾಲ್ಕು ಅಂಕಿಗಳಲ್ಲಿ ಇಡೀ ಬಟ್ಟಲು

ಬಟ್ಟಲಿನ ಸುತ್ತ ವಿದ್ಯುದ್ವಾರಗಳಿರುತ್ತವೆ. ಅಂಚು ಹತ್ತಿರ ಬಂದಾಗ, ದೂರ ಸರಿದಾಗ ಅವುಗಳ ಧಾರಣಶಕ್ತಿ ಬದಲಾಗುತ್ತದೆ. 45 ಡಿಗ್ರಿ ಅಂತರದ ಎರಡು ನೆಲೆಗಳಲ್ಲಿ ಈ ಬದಲಾವಣೆಯನ್ನು ಓದಿದರೆ ಎರಡು ಸಂಕೇತಗಳು ಸಿಗುತ್ತವೆ. ಬಟ್ಟಲು ಸೆಕೆಂಡಿಗೆ 4,000 ಸಲ ಕಂಪಿಸುತ್ತದೆ ಎಂದಿಟ್ಟುಕೊಳ್ಳೋಣ. ಕಂಪ್ಯೂಟರ್ ಅದೇ ಲಯದ ಸೈನ್ ಮತ್ತು ಕೊಸೈನ್ ಅಲೆಗಳನ್ನು ತನ್ನೊಳಗೇ ಹುಟ್ಟಿಸಿ, ಒಳಬಂದ ಪ್ರತಿ ಸಂಕೇತವನ್ನೂ ಎರಡರಿಂದಲೂ ಗುಣಿಸುತ್ತದೆ; ಬಂದ ಗುಣಲಬ್ಧದಿಂದ ವೇಗದ ಅಲೆಯನ್ನು ಸೋಸಿ ತೆಗೆಯುತ್ತದೆ. ಇದಕ್ಕೆ ಡಿಮಾಡ್ಯುಲೇಶನ್ ಎನ್ನುತ್ತಾರೆ. ಕೊನೆಗೆ ಕೈಗೆ ಸಿಗುವುದು ನಿಧಾನವಾಗಿ ಬದಲಾಗುವ ನಾಲ್ಕು ಅಂಕಿಗಳು.

ಬಟ್ಟಲಿನ ಬಗ್ಗೆ ತಿಳಿಯಬೇಕಾದದ್ದೆಲ್ಲ ಈ ನಾಲ್ಕರಲ್ಲಿದೆ. ಎರಡು ಸಂಕೇತಗಳನ್ನು ಗ್ರಾಫಿನ ಎರಡು ಅಕ್ಷಗಳ ಮೇಲೆ ಗುರುತಿಸುತ್ತ ಹೋದರೆ, ಕೊರತೆಯಿಲ್ಲದ ಬಟ್ಟಲಿನಲ್ಲಿ ಒಂದು ನೇರ ಗೆರೆ ಮೂಡುತ್ತದೆ. ಗೆರೆಯ ಉದ್ದವೇ ಕಂಪನದ ಹರವು, ಗೆರೆಯ ಓರೆಯೇ ವಿನ್ಯಾಸದ ಕೋನ. ನಿಜವಾದ ಬಟ್ಟಲಿನಲ್ಲಿ ಎರಡು ದಿಕ್ಕಿನ ಕಂಪನಾಂಕಗಳು ಕೂದಲೆಳೆಯಷ್ಟಾದರೂ ಬೇರೆಯಾಗಿರುತ್ತವೆ. ಆಗ ಗೆರೆ ಹೊಟ್ಟೆ ಬಿಟ್ಟು ಸಪೂರವಾದ ಅಂಡಾಕಾರವಾಗುತ್ತದೆ. ಆ ಅಂಡದ ಅಗಲಕ್ಕೆ ಕ್ವಾಡ್ರೇಚರ್ ಎಂದು ಹೆಸರು. ಗೈರೊದ ದೊಡ್ಡ ಶತ್ರು ಅದೇ.

ಈ ನಾಲ್ಕು ಅಂಕಿಗಳ ಮೇಲೆ ನಾಲ್ಕು ನಿಯಂತ್ರಣ ಸರಪಳಿಗಳು ಓಡುತ್ತವೆ. ಮೊದಲನೆಯದು ಫೇಸ್-ಲಾಕ್ಡ್ ಲೂಪ್: ಕಂಪ್ಯೂಟರಿನ ಅಲೆ ಬಟ್ಟಲಿನ ಅಲೆಯೊಂದಿಗೆ ಹೆಜ್ಜೆ ತಪ್ಪದಂತೆ ನೋಡಿಕೊಳ್ಳುವುದು ಅದರ ಕೆಲಸ. ಎರಡನೆಯದು ಕಂಪನದ ಹರವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಜೋಕಾಲಿ ತೂಗುವವರು ಸರಿಯಾದ ಹೊತ್ತಿಗೆ ಮಾತ್ರ ಕೈಯಿಡುವಂತೆ, ಕಳೆದುಹೋದಷ್ಟೇ ಶಕ್ತಿಯನ್ನು ಸರಿಯಾದ ಕ್ಷಣದಲ್ಲಿ ತುಂಬುತ್ತದೆ. ಮೂರನೆಯದು ಅಂಡದ ಹೊಟ್ಟೆಯನ್ನು ಒತ್ತಿ ಮತ್ತೆ ಗೆರೆಯಾಗಿಸುತ್ತದೆ. ನಾಲ್ಕನೆಯದು ಗೆರೆಯ ಓರೆಯನ್ನು ನೋಡಿಕೊಳ್ಳುತ್ತದೆ. ತಿರುಗುವಿಕೆಯ ಸುದ್ದಿ ಬರುವುದು ಅಲ್ಲಿಂದ.

ಇಡೀ ವ್ಯವಸ್ಥೆಯ ಸೊಗಸಿರುವುದು ಎರಡು ವೇಗಗಳ ಅಂತರದಲ್ಲಿ. ಕಂಪನ ಸೆಕೆಂಡಿಗೆ ಸಾವಿರಾರು ಸಲ ಆಗುತ್ತಿದ್ದರೂ ಅದರ ಸ್ವರೂಪ ಬದಲಾಗುವುದು ಬಹಳ ನಿಧಾನ. ಗುಣಾಂಕ (ಕಂಪನ ಎಷ್ಟು ಕಾಲ ಬಾಳುತ್ತದೆ ಎಂಬುದರ ಅಳತೆ) ಒಂದು ಕೋಟಿಯಿರುವ ಗಾಜಿನ ಬಟ್ಟಲನ್ನು 4,000 ಹರ್ಟ್ಝ್‌ನಲ್ಲಿ ಒಮ್ಮೆ ಮಿಡಿದು ಬಿಟ್ಟರೆ ಕಂಪನ ಮೂರರಲ್ಲೊಂದು ಪಾಲಿಗೆ ಇಳಿಯಲು ಹದಿಮೂರು ನಿಮಿಷ ಬೇಕು. ಲೆಕ್ಕ ಮಾಡುವ ಚಿಪ್ಪಿಗೆ ಅದು ಯುಗದಷ್ಟು ಸಮಯ.

ಎರಡು ನ್ಯಾನೊಸೆಕೆಂಡಿನ ಬೆಲೆ

ಬಾಹ್ಯಾಕಾಶದ ಬಟ್ಟಲು ದುಬಾರಿ. ಸಾಮಾನ್ಯರ ಬದುಕಿಗೆ ಗೈರೊವನ್ನು ತಂದದ್ದು ಸಿಲಿಕಾನ್. ಸ್ವೀಡನ್ನಿನ ವಾಹನ ಪತ್ರಿಕೆಯೊಂದು 1997ರ ಅಕ್ಟೋಬರ್‌ನಲ್ಲಿ ನಡೆಸಿದ ಪರೀಕ್ಷೆಯಲ್ಲಿ, ರಸ್ತೆಗೆ ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವ ಹಾಗೆ ದಿಢೀರನೆ ಹೊರಳಿಸಿದ ಹೊಸ ಮರ್ಸಿಡಿಸ್ ಎ-ಕ್ಲಾಸ್ ಕಾರು ಮಗುಚಿಬಿತ್ತು. ಕಂಪನಿ ಆ ಮಾದರಿಯ ಕಾರುಗಳಿಗೆಲ್ಲ ಜಾರುನಿಯಂತ್ರಕ ವ್ಯವಸ್ಥೆಯನ್ನು ಕಡ್ಡಾಯವಾಗಿ ಅಳವಡಿಸಿತು. ಅಲ್ಲಿಯವರೆಗೆ ದುಬಾರಿ ಕಾರುಗಳಿಗಷ್ಟೇ ಇದ್ದ ಆ ವ್ಯವಸ್ಥೆ ಸಣ್ಣ ಕಾರಿಗೂ ಇಳಿಯಿತು. ಕಾರು ಎಷ್ಟು ವೇಗವಾಗಿ ಹೊರಳುತ್ತಿದೆ ಎಂದು ಹೇಳುವ ಗೈರೊ ಇಲ್ಲದೆ ಅದು ಕೆಲಸ ಮಾಡದು. ಬಾಷ್ ಕಂಪನಿ 1998ರ ಹೊತ್ತಿಗೆ ಸಿಲಿಕಾನ್ ಗೈರೊಗಳನ್ನು ಭಾರಿ ಸಂಖ್ಯೆಯಲ್ಲಿ ತಯಾರಿಸತೊಡಗಿತು. 2010ರಲ್ಲಿ ಐಫೋನ್ 4 ಮೂಲಕ ಅದು ಮೊಬೈಲಿಗೂ ಬಂತು.

ಈ ಚಿಪ್ಪುಗಳೊಳಗೆ ನಡೆಯುವ ಅಳತೆಯ ಸೂಕ್ಷ್ಮತೆ ನಿಜಕ್ಕೂ ಮೈನವಿರೇಳಿಸುವಂಥದ್ದು. ಅನಲಾಗ್ ಡಿವೈಸಸ್ ಕಂಪನಿ 2002ರಲ್ಲಿ ಹೊರತಂದ ಗೈರೊ, 16 ಫೆಮ್ಟೊಮೀಟರಿನಷ್ಟು ಅಲುಗಾಟವನ್ನು ಗುರುತಿಸುತ್ತದೆ ಎಂದು ಅದರ ವಿನ್ಯಾಸಕಾರರು ಬರೆದಿದ್ದಾರೆ. ಅದು ಪರಮಾಣುವಿನ ಅಗಲಕ್ಕೆ ಹೋಲಿಸುವಷ್ಟು ದೊಡ್ಡದಲ್ಲ. ಪರಮಾಣುವಿನ ನಡುವಿನ ಬೀಜದ ಅಗಲಕ್ಕೆ ಹೋಲಿಸಬೇಕಾದ ಅಳತೆ.

ಇಷ್ಟು ಸಣ್ಣದನ್ನು ಯಾಕೆ ಅಳೆಯಬೇಕು? 15 ಕಿಲೋಹರ್ಟ್ಝ್‌ನಲ್ಲಿ ಕಂಪಿಸುವ ಸಿಲಿಕಾನ್ ತುಣುಕನ್ನು ಸೆಕೆಂಡಿಗೆ ಒಂದು ಡಿಗ್ರಿ ತಿರುಗಿಸಿದಾಗ ಹುಟ್ಟುವ ಕೊರಿಯೋಲಿಸ್ ಬಲ, ಆ ಕಂಪನದಲ್ಲಿ ತುಣುಕನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಬಲದ ಕೋಟಿಯಲ್ಲಿ ನಾಲ್ಕು ಪಾಲು ಕೂಡ ಇಲ್ಲ. ಅದರ ಪಕ್ಕದಲ್ಲೇ ಕ್ವಾಡ್ರೇಚರ್ ಕುಳಿತಿದೆ. ಕೆತ್ತನೆಯ ಸಣ್ಣ ಓರೆಯಿಂದ ಹುಟ್ಟುವ ಅದು ಸೆಕೆಂಡಿಗೆ ನೂರಾರು ಡಿಗ್ರಿ ತಿರುಗಿದಾಗ ಬರುವಷ್ಟು ದೊಡ್ಡ ಸಂಕೇತವಾಗಿರಬಲ್ಲದು. ನಮ್ಮ ಅದೃಷ್ಟಕ್ಕೆ ಎರಡಕ್ಕೂ ನಡುವೆ 90 ಡಿಗ್ರಿ ಫೇಸ್ ವ್ಯತ್ಯಾಸವಿದೆ: ಒಂದು ಕಂಪನದ ವೇಗದ ಜೊತೆ ಹೋಗುತ್ತದೆ, ಇನ್ನೊಂದು ಕಂಪನದ ಸ್ಥಾನದ ಜೊತೆ. ಸರಿಯಾದ ಅಲೆಯಿಂದ ಗುಣಿಸಿದರೆ ಬೇಕಾದದ್ದು ಉಳಿಯುತ್ತದೆ, ಬೇಡದ್ದು ಸೊನ್ನೆಯಾಗುತ್ತದೆ.

ಆದರೆ ಆ ಅಲೆ ಸರಿಯಾಗಿರಲೇಬೇಕು. ಕ್ವಾಡ್ರೇಚರ್ ಸೆಕೆಂಡಿಗೆ 100 ಡಿಗ್ರಿಯಷ್ಟಿದ್ದು, ಗುಣಿಸುವ ಅಲೆಯ ಫೇಸ್ ಒಂದು ಡಿಗ್ರಿಯ ನೂರನೇ ಒಂದು ಪಾಲಿನಷ್ಟು ತಪ್ಪಿದರೂ ಗಂಟೆಗೆ ಸುಮಾರು 63 ಡಿಗ್ರಿಯಷ್ಟು ಸುಳ್ಳು ತಿರುಗುವಿಕೆ ಕಾಣಿಸಿಕೊಳ್ಳುತ್ತದೆ. ಭೂಮಿ ತನ್ನ ಸುತ್ತ ತಿರುಗುವುದೇ ಗಂಟೆಗೆ 15 ಡಿಗ್ರಿ. ಅಂದರೆ ಮೇಜಿನ ಮೇಲೆ ಅಲುಗಾಡದೆ ಕುಳಿತ ಗೈರೊ, ಭೂಮಿಯ ನಾಲ್ಕು ಪಟ್ಟು ವೇಗದಲ್ಲಿ ತಿರುಗುತ್ತಿದ್ದೇನೆ ಎಂದು ವರದಿ ಮಾಡುತ್ತದೆ. 15 ಕಿಲೋಹರ್ಟ್ಝ್‌ನಲ್ಲಿ ಈ ಫೇಸ್ ತಪ್ಪನ್ನು ಕಾಲಕ್ಕೆ ಪರಿವರ್ತಿಸಿದರೆ ಎರಡು ನ್ಯಾನೊಸೆಕೆಂಡಿಗೂ ಕಡಿಮೆ.

ಹಳೆಯ ಅನಲಾಗ್ ಸರ್ಕ್ಯೂಟುಗಳು ಸೋಲುತ್ತಿದ್ದದ್ದು ಇಲ್ಲಿಯೇ. ರೆಸಿಸ್ಟರು, ಕೆಪಾಸಿಟರುಗಳ ಮೌಲ್ಯ ಬಿಸಿಲೇರಿದಂತೆ ಜರುಗುತ್ತದೆ, ವರ್ಷ ಕಳೆದಂತೆ ಜರುಗುತ್ತದೆ. ಫೇಸ್ ಅವುಗಳ ಹಿಂದೆಯೇ ಜರುಗುತ್ತದೆ. ಅಂಕಿಗಳಲ್ಲಿ ಬರೆದ ಸೈನ್ ಅಲೆಗೆ ವಯಸ್ಸಾಗುವುದಿಲ್ಲ. ಎರಡು ಅಂಕಿಗಳ ಗುಣಾಕಾರ ಚಳಿಗಾಲದಲ್ಲೂ ಬೇಸಿಗೆಯಲ್ಲೂ ಒಂದೇ.

ಅಂಕಿಗಳ ಕುಶಲತೆ

ಹಾಗೆಂದು ಡಿಜಿಟಲ್ ಆದಮಾತ್ರಕ್ಕೆ ಎಲ್ಲವೂ ಸುಗಮವಲ್ಲ. ಅನಲಾಗ್ ಸಂಕೇತ ಅಂಕಿಯಾಗುವ ಬಾಗಿಲಲ್ಲೇ ಮೊದಲ ಸವಾಲು. ಅಲ್ಲಿ ಬಹುಪಾಲು ಬಳಕೆಯಾಗುವುದು ಸಿಗ್ಮಾ-ಡೆಲ್ಟಾ ಪರಿವರ್ತಕ. ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ, ಒರಟಾಗಿ ಓದಿ, ಆ ಒರಟುತನದ ಗದ್ದಲವನ್ನು ನಮಗೆ ಬೇಡದ ಎತ್ತರದ ಕಂಪನಾಂಕಗಳತ್ತ ತಳ್ಳುವ ಜಾಣತನ ಅದರದು. ಮುಂದಿನ ಫಿಲ್ಟರುಗಳು ಆ ಗದ್ದಲವನ್ನು ಕತ್ತರಿಸಿ, ನಯವಾದ ಅಂಕಿಗಳನ್ನು ಕೆಳಗಿಳಿಸುತ್ತವೆ.

ಸೈನ್, ಕೊಸೈನ್, ಕೋನ ಇವನ್ನೆಲ್ಲ ಸಣ್ಣ ಚಿಪ್ಪಿನಲ್ಲಿ ಲೆಕ್ಕ ಹಾಕುವುದು ಹೇಗೆ? ಇಲ್ಲಿ ನೆರವಿಗೆ ಬರುವುದು ಕಾರ್ಡಿಕ್ ಎಂಬ ವಿಧಾನ. 1959ರಲ್ಲಿ ಜ್ಯಾಕ್ ವೋಲ್ಡರ್ ಪ್ರಕಟಿಸಿದ ಈ ವಿಧಾನದಲ್ಲಿ ಗುಣಾಕಾರವೇ ಬೇಡ. ಅಂಕಿಗಳನ್ನು ಪಕ್ಕಕ್ಕೆ ಸರಿಸುವುದು ಮತ್ತು ಕೂಡುವುದು ಇವೆರಡರಿಂದಲೇ ಕೋನಗಳನ್ನು ತಿರುಗಿಸಬಹುದು. ವೋಲ್ಡರ್ ಇದನ್ನು ಹುಡುಕಿದ್ದು ಬಿ-58 ಯುದ್ಧವಿಮಾನದ ದಿಕ್ಕುಪತ್ತೆ ಕಂಪ್ಯೂಟರಿಗಾಗಿ. ದಿಕ್ಕು ಹುಡುಕಲೆಂದು ಹುಟ್ಟಿದ ಲೆಕ್ಕ, ಆರು ದಶಕಗಳ ಮೇಲೆ ಇವತ್ತಿಗೂ ಎಫ್‌ಪಿಜಿಎ ಎಂಬ, ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಬದಲಿಸಿಕೊಳ್ಳಬಹುದಾದ ಚಿಪ್ಪುಗಳಲ್ಲಿ ಗೈರೊಗಳ ದಿಕ್ಕನ್ನೇ ಹುಡುಕುತ್ತಿದೆ.

ಫಿಲ್ಟರಿನ ವಿಷಯದಲ್ಲಿ ಒಂದು ಕಠಿಣ ಆಯ್ಕೆ ಮಾಡಲೇಬೇಕು. ಹೆಚ್ಚು ಸೋಸಿದರೆ ಅಂಕಿ ಶುದ್ಧವಾಗುತ್ತದೆ, ಆದರೆ ತಡವಾಗುತ್ತದೆ. ಉಪಗ್ರಹಕ್ಕೆ ತಡವಾದರೆ ನಡೆಯುತ್ತದೆ. ಗಾಳಿಯಲ್ಲಿ ನಿಂತ ಡ್ರೋನಿಗೆ ಕೆಲವೇ ಮಿಲಿಸೆಕೆಂಡುಗಳ ತಡವೂ ತೂರಾಟಕ್ಕೆ ಕಾರಣವಾದೀತು. ಕಡಿಮೆ ಸೋಸಿದರೆ ರೆಕ್ಕೆಗಳ ಅದುರು ಒಳನುಗ್ಗುತ್ತದೆ. 2015ರಲ್ಲಿ ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ಸಂಶೋಧಕರು ಗೈರೊದ ಕಂಪನಾಂಕಕ್ಕೇ ಹೊಂದುವ ಶಬ್ದವನ್ನು ಹೊಮ್ಮಿಸಿ ಡ್ರೋನನ್ನು ಕೆಳಗೆ ಬೀಳಿಸಬಹುದೆಂದು ತೋರಿಸಿದರು. ಕಂಪನದಿಂದ ಕೆಲಸ ಮಾಡುವ ಉಪಕರಣಕ್ಕೆ ಹೊರಗಿನ ಕಂಪನವೇ ವೈರಿಯಾಗಬಲ್ಲದು. ಫಿಲ್ಟರ್ ಬರೆಯುವ ಎಂಜಿನಿಯರು ಇದನ್ನು ಮರೆಯುವಂತಿಲ್ಲ.

ಹಿಡಿಯುವುದೋ, ಹರಿಯಬಿಡುವುದೋ

ಗೆರೆಯ ಓರೆಯನ್ನು ನೋಡಿಕೊಳ್ಳುವ ನಾಲ್ಕನೆಯ ಸರಪಳಿಯನ್ನು ಎರಡು ರೀತಿಯಲ್ಲಿ ನಡೆಸಬಹುದು. ಒಂದು, ವಿನ್ಯಾಸವನ್ನು ಇದ್ದಲ್ಲೇ ಹಿಡಿದು ನಿಲ್ಲಿಸುವುದು. ತಿರುಗುವಿಕೆ ಅದನ್ನು ಜರುಗಿಸಲು ನೋಡಿದಾಗಲೆಲ್ಲ ಕಂಪ್ಯೂಟರ್ ಎದುರುಬಲ ಹಾಕುತ್ತದೆ. ಎಷ್ಟು ಬಲ ಬೇಕಾಯಿತೋ ಅದೇ ತಿರುಗುವ ವೇಗದ ಅಳತೆ. ಗದ್ದಲ ಕಡಿಮೆ, ನಿಖರತೆ ಹೆಚ್ಚು. ಆದರೆ ಹಾಕಬಹುದಾದ ಬಲಕ್ಕೆ ಮಿತಿಯಿದೆ. ಜೋರಾಗಿ ತಿರುಗಿದರೆ ಹಿಡಿತ ತಪ್ಪುತ್ತದೆ.

ಇನ್ನೊಂದು, ವಿನ್ಯಾಸವನ್ನು ಅದರ ಪಾಡಿಗೆ ಹರಿಯಬಿಟ್ಟು ಅದರ ಕೋನವನ್ನಷ್ಟೇ ಓದುವುದು. ಆಗ ಗೈರೊ ಹೇಳುವುದು ತಿರುಗಿದ ಒಟ್ಟು ಕೋನವನ್ನೇ. ಎಷ್ಟು ವೇಗವಾಗಿ ತಿರುಗಿದರೂ ಲೆಕ್ಕ ತಪ್ಪುವುದಿಲ್ಲ, ಬ್ರಯಾನ್‌ನ ಪ್ರಮಾಣವೇ ಮಾಪಕ. ಆದರೆ ಇಲ್ಲಿ ಬಟ್ಟಲಿನ ಕೊರತೆಗಳು ಬೇರೆ ವೇಷದಲ್ಲಿ ಬರುತ್ತವೆ. ಬಟ್ಟಲು ಎಲ್ಲ ದಿಕ್ಕಿನಲ್ಲೂ ಒಂದೇ ಸಮನಾಗಿ ಶಕ್ತಿ ಕಳೆದುಕೊಳ್ಳದಿದ್ದರೆ, ಕಂಪನ ಕಡಿಮೆ ನಷ್ಟದ ದಿಕ್ಕಿನತ್ತ ತಾನಾಗಿಯೇ ವಾಲುತ್ತದೆ. ತಿರುಗುವಿಕೆ ತೀರ ನಿಧಾನವಾಗಿದ್ದರೆ ವಿನ್ಯಾಸ ಅಲ್ಲಿಯೇ ಕಚ್ಚಿಕೊಂಡು ಕೂರುತ್ತದೆ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯವೊಂದಿದೆ. ಗೈರೊ ಅಲುಗಾಡದಿದ್ದರೂ ಕಂಪನದ ವಿನ್ಯಾಸವನ್ನು ಮಾತ್ರ ಎಲೆಕ್ಟ್ರಾನಿಕ್ ಬಲದಿಂದ ಸದಾ ಸುತ್ತಿಸುತ್ತ ಇರುವುದು. ವಿನ್ಯಾಸ ಬಟ್ಟಲಿನ ಒಳ್ಳೆಯ ದಿಕ್ಕು, ಕೆಟ್ಟ ದಿಕ್ಕು ಎಲ್ಲವನ್ನೂ ಸಮವಾಗಿ ದಾಟಿ ಹೋಗುವುದರಿಂದ ಒಂದು ಸುತ್ತಿನಲ್ಲಿ ತಪ್ಪುಗಳು ಒಂದನ್ನೊಂದು ಕಳೆಯುತ್ತವೆ. ಸುತ್ತಿಸಿದ್ದು ನಾವೇ ಆದ್ದರಿಂದ ಅಷ್ಟನ್ನು ಲೆಕ್ಕದಿಂದ ಕಳೆದರಾಯಿತು. ಚಲಿಸುವ ಯಾವ ಭಾಗವನ್ನೂ ಸೇರಿಸದೆ, ಬರೀ ಸಾಫ್ಟ್‌ವೇರ್‌ನಿಂದ ಗಳಿಸಿದ ನಿಖರತೆ ಇದು.

ಇದೇ ಜಾತಿಯ ಇನ್ನೊಂದು ವಿಧಾನದಲ್ಲಿ, ಕಂಪಿಸುವ ದಿಕ್ಕನ್ನೂ ಅಳೆಯುವ ದಿಕ್ಕನ್ನೂ ಆಗಾಗ ಅದಲುಬದಲು ಮಾಡುತ್ತಾರೆ. ನಿಜವಾದ ತಿರುಗುವಿಕೆ ಎರಡೂ ಸಲ ಒಂದೇ ರೀತಿ ಕಾಣುತ್ತದೆ. ಉಪಕರಣದ ಸ್ವಂತ ತಪ್ಪು ಮಾತ್ರ ಕೂಡು ಇದ್ದದ್ದು ಕಳೆ ಆಗುತ್ತದೆ. ಎರಡರ ಸರಾಸರಿ ತೆಗೆದರೆ ತಪ್ಪು ಕರಗುತ್ತದೆ. ತಾಪಮಾನದ ವಿಷಯದಲ್ಲೂ ಬೇರೆ ಥರ್ಮಾಮೀಟರ್ ಬೇಡ. ಸಿಲಿಕಾನಿನ ಕಂಪನಾಂಕ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ ಸುಮಾರು 30 ಪಾಲು ಇಳಿಯುತ್ತದೆ. ಫೇಸ್-ಲಾಕ್ಡ್ ಲೂಪ್ ಹೇಗೂ ಕಂಪನಾಂಕವನ್ನು ಹಿಂಬಾಲಿಸುತ್ತಿರುವುದರಿಂದ, ಅಳೆಯಬೇಕಾದ ತುಣುಕೇ ತನ್ನ ಜ್ವರವನ್ನು ತಾನೇ ಹೇಳುತ್ತದೆ.

ನೊಣದ ಬೆನ್ನಿನ ಗೈರೊ

ನಿಸರ್ಗ ಕಂಪಿಸುವ ಗೈರೊವನ್ನು ನಮಗಿಂತ ಬಹಳ ಮೊದಲೇ ಕಂಡುಕೊಂಡಿತ್ತು. ನೊಣ, ಸೊಳ್ಳೆಗಳಿಗೆ ಎರಡೇ ರೆಕ್ಕೆ. ಹಿಂದಿನ ಎರಡು ರೆಕ್ಕೆಗಳ ಜಾಗದಲ್ಲಿ ತುದಿಯಲ್ಲಿ ಗುಂಡಿರುವ ಪುಟ್ಟ ಕಡ್ಡಿಗಳಿವೆ. ಅವು ರೆಕ್ಕೆಯ ಲಯದಲ್ಲೇ, ರೆಕ್ಕೆಗೆ ಎದುರಾಗಿ ಬಡಿದುಕೊಳ್ಳುತ್ತವೆ. ಅವನ್ನು ತೆಗೆದರೆ ನೊಣ ಹಾರಲಾರದು ಎಂದು ವಿಲಿಯಂ ಡರ್ಹಾಮ್ 18ನೇ ಶತಮಾನದ ಆರಂಭದಲ್ಲೇ ಬರೆದಿದ್ದ. ಅವು ಕೊರಿಯೋಲಿಸ್ ಬಲವನ್ನು ಗ್ರಹಿಸುವ ಗೈರೊಗಳು ಎಂಬುದನ್ನು 1948ರಲ್ಲಿ ಜೆ. ಡಬ್ಲ್ಯು. ಎಸ್. ಪ್ರಿಂಗಲ್ ವಿವರವಾಗಿ ನಿರೂಪಿಸಿದರು. ಕಡ್ಡಿಯ ಬುಡದಲ್ಲಿರುವ ನರಗಳು ಆ ಅಡ್ಡಬಲವನ್ನು ಓದಿ, ರೆಕ್ಕೆಯ ಸ್ನಾಯುಗಳಿಗೆ ಕ್ಷಣಮಾತ್ರದಲ್ಲಿ ಸುದ್ದಿ ಮುಟ್ಟಿಸುತ್ತವೆ. ಕಂಪನ, ಗ್ರಹಿಕೆ, ತಿದ್ದುಪಡಿ ಮೂರೂ ಒಂದು ಪುಟ್ಟ ದೇಹದಲ್ಲಿ ಒಂದೇ ಸರಪಳಿಯಾಗಿ ಕೂಡಿವೆ.

ಲೆಕ್ಕಕ್ಕೂ ಒಂದು ಗಡಿ

ಅಂಕಿಗಳ ಶಕ್ತಿಯನ್ನು ಮೆಚ್ಚುವಾಗ ಅದರ ಮಿತಿಯನ್ನೂ ಹೇಳಲೇಬೇಕು. ಅಣುಗಳ ಉಷ್ಣಚಲನೆಯಿಂದ ಕಂಪಿಸುವ ತುಣುಕಿಗೇ ಒಂದು ಸಹಜ ನಡುಕವಿದೆ. ಅದು ಯಾವ ಕ್ರಮಕ್ಕೂ ಸಿಗದ್ದು, ಯಾವ ಸೂತ್ರಕ್ಕೂ ಕಳೆಯಲಾಗದ್ದು. ಅದನ್ನು ಇಳಿಸಲು ಒಳ್ಳೆಯ ವಸ್ತು, ಒಳ್ಳೆಯ ನಿರ್ವಾತ, ದೊಡ್ಡ ಕಂಪನ ಇವೇ ಬೇಕು. ಕ್ರಮವಿರುವ ತಪ್ಪನ್ನು ಮಾತ್ರ ಲೆಕ್ಕ ಹಿಡಿಯಬಲ್ಲದು. ಯಾವುದು ಕ್ರಮವುಳ್ಳದ್ದು, ಯಾವುದು ಅಲ್ಲ ಎಂದು ಬೇರ್ಪಡಿಸಲು ಗೈರೊದವರು ಬಳಸುವುದು ಡೇವಿಡ್ ಅಲನ್ 1966ರಲ್ಲಿ ಪರಮಾಣು ಗಡಿಯಾರಗಳಿಗಾಗಿ ರೂಪಿಸಿದ ಅಳತೆಯನ್ನು. ಗಂಟೆಗಟ್ಟಲೆ ಅಲುಗಾಡಿಸದೆ ದಾಖಲಿಸಿದ ಅಂಕಿಗಳಿಂದ ಎಳೆದ ಅಲನ್ ಗೆರೆ, ಗೈರೊದ ಜಾತಕವಿದ್ದಂತೆ ಅಲ್ಲ, ಅದರ ವೈದ್ಯಕೀಯ ವರದಿ.

ತಪ್ಪು ಸಣ್ಣದಿದ್ದರೂ ಅದನ್ನು ಬೆನ್ನಟ್ಟಬೇಕಾಗುವುದು ಯಾಕೆಂದರೆ ಗೈರೊದ ತಪ್ಪು ಕೂಡುತ್ತ ಹೋಗುತ್ತದೆ. ಸೆಕೆಂಡಿಗೆ ಒಂದು ಡಿಗ್ರಿಯ ನೂರನೇ ಪಾಲಿನ ತಪ್ಪು ಒಂದು ಗಂಟೆಯಲ್ಲಿ 36 ಡಿಗ್ರಿಯಾಗುತ್ತದೆ. ಜಿಪಿಎಸ್ ಸಿಗುವ ಬಯಲಿನಲ್ಲಿ ಇದು ಲೆಕ್ಕಕ್ಕೆ ಬಾರದು. ಸುರಂಗದಲ್ಲಿ, ಗಣಿಯಲ್ಲಿ, ನೀರಿನಾಳದಲ್ಲಿ, ಬೇಕೆಂದೇ ಸಿಗ್ನಲ್ ಕೆಡಿಸಿದ ಯುದ್ಧಭೂಮಿಯಲ್ಲಿ ಗೈರೊವೊಂದೇ ದಿಕ್ಕು.

ಈ ಕ್ಷೇತ್ರದ ಬಾಗಿಲು ನಮ್ಮ ವಿದ್ಯಾರ್ಥಿಗಳಿಗೂ ತೆರೆದಿದೆ ಎಂಬುದನ್ನು ಒತ್ತಿ ಹೇಳಬೇಕು. ಸಿಲಿಕಾನ್ ಕೆತ್ತಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವಂಥ ಶುದ್ಧಕೋಣೆ ಬೇಕು. ಅದು ಎಲ್ಲ ಕಾಲೇಜಿಗೂ ದಕ್ಕುವಂಥದ್ದಲ್ಲ. ಆದರೆ ಉಳಿದರ್ಧವಾದ ಲೆಕ್ಕ ಹಾಗಲ್ಲ. ಎರಡು ಕಂಪನಗಳ ಸಮೀಕರಣ, ನಾಲ್ಕು ಅಂಕಿಗಳು, ನಾಲ್ಕು ಸರಪಳಿಗಳು ಇವನ್ನು ಹುಬ್ಬಳ್ಳಿಯದಾಗಲಿ ಹಾಸನದ್ದಾಗಲಿ, ಯಾವುದೇ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಬರೆದು ನೋಡಬಹುದು. ಬೇಕೆಂದೇ ಬಟ್ಟಲಿಗೆ ಒಂದು ಕೊರತೆಯನ್ನು ತುಂಬಿ, ಕ್ವಾಡ್ರೇಚರ್ ಹೇಗೆ ಏಳುತ್ತದೆ, ಮೂರನೆಯ ಸರಪಳಿ ಅದನ್ನು ಹೇಗೆ ಮಣಿಸುತ್ತದೆ ಎಂದು ಪರೀಕ್ಷಿಸಬಹುದು. ನಂತರ ಒಂದು ಎಫ್‌ಪಿಜಿಎ ಬೋರ್ಡಿನ ಮೇಲೆ ಅದನ್ನೇ ನಿಜವಾದ ಸಮಯದಲ್ಲಿ ಓಡಿಸಬಹುದು. ಯಂತ್ರಶಾಸ್ತ್ರ, ಎಲೆಕ್ಟ್ರಾನಿಕ್ಸ್, ಗಣಿತ ಇವು ಮೂರು ಬೇರೆ ವಿಭಾಗಗಳ ಪಾಠಗಳಾಗಿ ಉಳಿದಲ್ಲಿ ಗೈರೊ ಹುಟ್ಟುವುದಿಲ್ಲ. ಮೂರನ್ನೂ ಒಂದೇ ಮೇಜಿಗೆ ತರುವ ಅಧ್ಯಾಪಕರು, ಒಂದರ ತಪ್ಪನ್ನು ಇನ್ನೊಂದರಿಂದ ತಿದ್ದಲು ಕಲಿಯುವ ವಿದ್ಯಾರ್ಥಿಗಳು ನಮಗೆ ಬೇಕು. ಗಾಜಿನ ಅರ್ಧವನ್ನು ಬೇರೆಯವರಿಂದ ಕೊಳ್ಳಬೇಕಾಗಿ ಬಂದರೂ ಲೆಕ್ಕದ ಅರ್ಧವನ್ನು ಇಂದೇ ನಮ್ಮದಾಗಿಸಿಕೊಳ್ಳಬಹುದು.